ಏನೂ ಇಲ್ಲವೆಂದ ಕಡಲತಳ

ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಇಳಿಬಿಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಹಗ್ಗದ ತುದಿಯ ಕಬ್ಬಿಣದ ಕೊಕ್ಕೆಗಳು ಕತ್ತಲ ನೀರಿನಲ್ಲಿ ತಡಕಾಡುತ್ತವೆ. ಕೊಡದ ಕಂಠ ಸಿಕ್ಕಿದರೆ ಕೊಡ ಮೇಲೆ ಬರುತ್ತದೆ, ಸಿಗದಿದ್ದರೆ ಕೊಕ್ಕೆ ಮಾತ್ರ ಬರುತ್ತದೆ. ಆ ಬಾವಿಯ ಕಪ್ಪೆ, ಮೀನು, ಏಡಿಗಳು ಎಂದೂ ಕೊಕ್ಕೆಗೆ ಸಿಗುವುದಿಲ್ಲ. ಹಾಗೆಂದು ಬಾವಿಯಲ್ಲಿ ಜೀವವೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಆಳಸಮುದ್ರದ ವಿಷಯಕ್ಕೆ ಬಂದಾಗ ಮಾತ್ರ ಬಲ್ಲವರೇ ಹಾಗೆ ಹೇಳಿದ್ದಾರೆ, ಅದೂ ಒಂದಲ್ಲ, ಹಲವು ಸಲ. ಇನ್ನೂರು ವರ್ಷಗಳ ಆಳಸಮುದ್ರ ವಿಜ್ಞಾನದ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಕಡಲತಳ ಬರಿದು ಎಂಬ ಮಾತು ಕಡಲಿನ ಬಗ್ಗೆ ಹೇಳಿದ್ದು ಕಡಿಮೆ, ನಮ್ಮ ಕೈಯಲ್ಲಿದ್ದ ಕೊಕ್ಕೆಯ ಬಗ್ಗೆ ಹೇಳಿದ್ದೇ ಹೆಚ್ಚು. ಆ ತಳದಿಂದ ನಿಕ್ಕಲ್, ಕೋಬಾಲ್ಟ್ ಎತ್ತಲು ಯಂತ್ರಗಳು ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ಈ ಚರಿತ್ರೆ ನಮಗೆ ತೀರ ಬೇಕಾದದ್ದು. ಲೋಹ ಎತ್ತುವವರು ಅಲ್ಲಿ ಏನಿದೆ ಎಂಬುದನ್ನು ಮೊದಲು ತೋರಿಸಬೇಕು, ಆ ಹೊಣೆ ಅವರದೇ ಎಂಬುದು ನನ್ನ ವಾದ.

1841-42ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಬೀಕನ್ ಎಂಬ ಹಡಗಿನಲ್ಲಿ ಏಜಿಯನ್ ಸಮುದ್ರದ ತಳವನ್ನು ಗೋರುಬಲೆಯಿಂದ ಗೋರಿ ನೋಡಿದ. ಆಳಕ್ಕೆ ಹೋದಂತೆ ಸಿಗುವ ಪ್ರಾಣಿಗಳು ಕಡಿಮೆಯಾಗುತ್ತ ಬಂದವು. ಅವನ ಬಲೆ ಮುಟ್ಟಿದ ಅತಿ ಹೆಚ್ಚಿನ ಆಳ 230 ಮಾರು. ಇಳಿಕೆಯ ಆ ಲೆಕ್ಕವನ್ನೇ ಮುಂದಕ್ಕೆ ಎಳೆದು, 300 ಮಾರಿನ ಕೆಳಗೆ, ಅಂದರೆ ಸುಮಾರು 550 ಮೀಟರಿನ ಕೆಳಗೆ, ಜೀವ ಇರಲಾರದು ಎಂದು ಅವನು ಊಹಿಸಿದ. ಊಹೆ ಅತಾರ್ಕಿಕವೇನೂ ಅಲ್ಲ. ಅಲ್ಲಿ ಬೆಳಕಿಲ್ಲ, ಬೆಳಕಿಲ್ಲದೆ ಸಸ್ಯವಿಲ್ಲ, ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತ ಹೋಗುತ್ತದೆ. ಆದರೆ ಏಜಿಯನ್ ಮೊದಲೇ ಪೋಷಕಾಂಶ ಕಡಿಮೆಯಿರುವ ಸಮುದ್ರ, ಅವನ ಬಲೆಯ ರಂಧ್ರಗಳು ಕೆಸರು ಕಟ್ಟಿಕೊಳ್ಳುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ವಿರುದ್ಧ ಸಾಕ್ಷ್ಯ ಆಗಲೇ ಇತ್ತು: 1818ರಲ್ಲಿಯೇ ಜಾನ್ ರಾಸ್ ಬ್ಯಾಫಿನ್ ಕೊಲ್ಲಿಯಲ್ಲಿ ಇಳಿಬಿಟ್ಟ ಆಳ ಅಳೆಯುವ ಹಗ್ಗಕ್ಕೆ ಕವಲುಗೈಗಳ ನಕ್ಷತ್ರಮೀನೊಂದು ಸುತ್ತಿಕೊಂಡು ಮೇಲೆ ಬಂದಿತ್ತು. ಹಗ್ಗ ಮೇಲೆ ಬರುವಾಗ ದಾರಿಯಲ್ಲಿ ತಗುಲಿಕೊಂಡಿರಬೇಕು ಎಂದು ಇಂಥ ಸಾಕ್ಷ್ಯಗಳನ್ನು ತಳ್ಳಿಹಾಕುವುದು ಸುಲಭವಾಗಿತ್ತು. 1860ರಲ್ಲಿ ಆ ನೆಪವೂ ಉಳಿಯಲಿಲ್ಲ. ಸಾರ್ಡಿನಿಯಾ ಮತ್ತು ಆಲ್ಜೀರಿಯಾ ನಡುವೆ ಹಾಸಿದ್ದ ತಂತಿ ಕೇಬಲ್ ಕೆಟ್ಟು, ಅದನ್ನು 2,000 ಮೀಟರಿಗೂ ಹೆಚ್ಚು ಆಳದಿಂದ ಎತ್ತಿದಾಗ ಅದರ ಮೇಲೆ ಹವಳ ಬೆಳೆದಿತ್ತು. ಅಲ್ಲೇ ಬುಡ ಕಚ್ಚಿ ಬೆಳೆದ ಹವಳ ದಾರಿಯಲ್ಲಿ ತಗುಲಿಕೊಂಡದ್ದು ಎನ್ನಲು ಬರುವುದಿಲ್ಲ.

ಹಾಗಾಗಿ ಬ್ರಿಟನ್ ಚಾಲೆಂಜರ್ ಎಂಬ ಯುದ್ಧನೌಕೆಯ ತೋಪುಗಳಲ್ಲಿ ಹೆಚ್ಚಿನವನ್ನು ಇಳಿಸಿ, ಆ ಜಾಗದಲ್ಲಿ ಪ್ರಯೋಗಾಲಯ ಕಟ್ಟಿ, ಚಾರ್ಲ್ಸ್ ವೈವಿಲ್ ಥಾಮ್ಸನ್ ನೇತೃತ್ವದಲ್ಲಿ 1872ರ ಡಿಸೆಂಬರಿನಲ್ಲಿ ಕಡಲಿಗಿಳಿಸಿತು. ಮೂರೂವರೆ ವರ್ಷ, ಸುಮಾರು 1,27,000 ಕಿಲೋಮೀಟರ್. ಕೆಲಸ ಪಾತಾಳಗರಡಿಯದೇ: ಕಿಲೋಮೀಟರುಗಟ್ಟಲೆ ಹಗ್ಗ ಬಿಡುವುದು, ಉಗಿಯಂತ್ರದಿಂದ ಗಂಟೆಗಟ್ಟಲೆ ಮೇಲೆಳೆಯುವುದು, ಹಡಗಿನ ಹಲಗೆಯ ಮೇಲೆ ಕೆಸರು ಸುರಿದು ಬೆರಳಿನಿಂದ ಕೆದಕುವುದು. ಕೆದಕಿದಲ್ಲೆಲ್ಲ ಪ್ರಾಣಿಗಳಿದ್ದವು. ಸುಮಾರು 4,700 ಹೊಸ ಪ್ರಭೇದಗಳು ಆ ಯಾತ್ರೆಯಿಂದ ವಿಜ್ಞಾನಕ್ಕೆ ಸೇರಿದವು. 1875ರ ಮಾರ್ಚಿನಲ್ಲಿ ಮರಿಯಾನಾ ದ್ವೀಪಗಳ ಬಳಿ ಹಗ್ಗ 8,184 ಮೀಟರ್ ಇಳಿದ ಮೇಲೆ ತಳ ಮುಟ್ಟಿತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಲೆಕ್ಕ. ಯಾತ್ರೆ 1876ರಲ್ಲಿ ಮುಗಿಯಿತು. ತಂದದ್ದನ್ನೆಲ್ಲ ವಿಂಗಡಿಸಿ, ಹೆಸರಿಟ್ಟು, ಚಿತ್ರ ಬರೆದು ಪ್ರಕಟಿಸಿದ 50 ಸಂಪುಟಗಳ ವರದಿ ಮುಗಿದದ್ದು 1895ರಲ್ಲಿ. ಎತ್ತಿ ತರಲು ಬೇಕಾದ ಕಾಲದ ಐದಾರು ಪಟ್ಟು ಕಾಲ, ಎತ್ತಿದ್ದು ಏನೆಂದು ತಿಳಿಯಲು ಬೇಕಾಯಿತು. ಈ ಅನುಪಾತವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಜೀವವಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಅದರ ಜಾಗದಲ್ಲಿ ಇನ್ನೊಂದು ಮಾತು ಬಂತು: ಜೀವವಿದೆ, ಆದರೆ ಬಡಜೀವ, ಕೆಲವೇ ಬಗೆಯದು, ಮೇಲಿಂದ ಉದುರುವ ಎಂಜಲು ತಿಂದುಕೊಂಡು ಬದುಕುವಂಥದ್ದು. ಎಂಜಲಿನ ಮಾತು ಬಹುಮಟ್ಟಿಗೆ ನಿಜ. ಮೇಲ್ಪದರದಲ್ಲಿ ಸತ್ತ ಸೂಕ್ಷ್ಮಜೀವಿಗಳ ಚೂರು, ಪ್ರಾಣಿಗಳ ಮಲ, ಲೋಳೆ ಎಲ್ಲವೂ ಕೂಡಿ ಸದಾ ಜಿನುಗುವ ಸೋನೆಯಂತೆ ಕೆಳಗಿಳಿಯುತ್ತವೆ. ಮೇಲೆ ಹುಟ್ಟಿದ ಆಹಾರದಲ್ಲಿ ತಳ ಮುಟ್ಟುವುದು ಬಹಳ ಸಣ್ಣ ಪಾಲು. ಆದರೆ ಕೆಲವೇ ಬಗೆ ಎಂಬುದು ಮತ್ತೆ ಬಲೆಯ ತಪ್ಪಾಗಿತ್ತು. ಒರಟು ಬಲೆಯಲ್ಲಿ ದೊಡ್ಡ ಪ್ರಾಣಿಗಳು ಮಾತ್ರ ಉಳಿದು, ಅಕ್ಕಿಕಾಳಿಗಿಂತ ಸಣ್ಣ ಹುಳುಗಳೂ ಸೀಗಡಿಯ ಜಾತಿಯ ಜೀವಿಗಳೂ ಸೋರಿಹೋಗುತ್ತಿದ್ದವು. ಕೆಸರನ್ನು ಕಲಕದೆ ಪೆಟ್ಟಿಗೆಯಂತೆ ಕತ್ತರಿಸಿ ತರುವ ಸಾಧನ ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಪೂರ್ವ ಕರಾವಳಿಯಾಚೆ 1,500ರಿಂದ 2,500 ಮೀಟರ್ ಆಳದಲ್ಲಿ ಇಂಥ 233 ಕೆಸರುಗಟ್ಟೆಗಳನ್ನು ತೆಗೆದು ಜರಡಿ ಹಿಡಿದ ಫ್ರೆಡರಿಕ್ ಗ್ರಾಸಲ್ ಮತ್ತು ನ್ಯಾನ್ಸಿ ಮಾಸಿಯೋಲೆಕ್ 1992ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 798 ಪ್ರಭೇದಗಳಿದ್ದವು. ಅರ್ಧಕ್ಕಿಂತ ಹೆಚ್ಚಿನವು ವಿಜ್ಞಾನಕ್ಕೆ ಹೊಸವು. ಆ ಎಲ್ಲ ಗಟ್ಟೆಗಳನ್ನು ಪಕ್ಕಪಕ್ಕದಲ್ಲಿ ಹಾಸಿದರೆ ಆಗುವ ನೆಲ 21 ಚದರ ಮೀಟರ್, ಮನೆಯ ಒಂದು ನಡುಮನೆಯಷ್ಟು.

ಎಂಜಲಿನ ಮೇಲೇ ಬದುಕು ಎಂಬ ಮಾತೂ ಪೂರ್ತಿ ನಿಲ್ಲಲಿಲ್ಲ. 1977ರ ಫೆಬ್ರುವರಿಯಲ್ಲಿ ಗಲಪಾಗೋಸ್ ದ್ವೀಪಗಳ ಬಳಿ, ಸಾಗರತಳ ಬಿರಿದು ಹೊಸ ಕಲ್ಲು ಹುಟ್ಟುವ ಸಾಲಿನಲ್ಲಿ, ಭೂವಿಜ್ಞಾನಿಗಳ ತಂಡ ಬಿಸಿನೀರಿನ ಬುಗ್ಗೆ ಹುಡುಕುತ್ತಿತ್ತು. ಹಡಗಿನಿಂದ ಎಳೆದ ಕ್ಯಾಮೆರಾ ತೆಗೆದ ಸುಮಾರು 3,000 ಚಿತ್ರಗಳಲ್ಲಿ ಎಲ್ಲೆಲ್ಲೂ ಬೋಳು ಲಾವಾ. ನೀರಿನ ಬಿಸಿ ಕ್ಷಣಕಾಲ ಏರಿದ ಒಂದೇ ಜಾಗದ 13 ಚಿತ್ರಗಳಲ್ಲಿ ಮಾತ್ರ ಬಿಳಿ ಚಿಪ್ಪುಗಳ ರಾಶಿ. ಮರುದಿನ ಆಲ್ವಿನ್ ಎಂಬ ಮೂವರ ಮುಳುಗುನೌಕೆ 2,500 ಮೀಟರ್ ಇಳಿಯಿತು. ಒಳಗಿದ್ದ ಜ್ಯಾಕ್ ಕಾರ್ಲಿಸ್ ಮೇಲಿನ ಹಡಗಿನವರನ್ನು ಕೇಳಿದ್ದು, ಆಳಸಮುದ್ರ ಮರುಭೂಮಿಯಂತೆ ಇರಬೇಕಲ್ಲವೇ ಎಂದು. ಅವರ ಕಣ್ಣೆದುರು ಪ್ರಾಣಿಗಳು ಕಿಕ್ಕಿರಿದಿದ್ದವು. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ, ಮಾದರಿಗಳನ್ನು ಕೆಡದಂತೆ ಇಡಲು ಸಾಕಷ್ಟು ದ್ರಾವಣವೂ ಇರಲಿಲ್ಲ. ಕೆಲವನ್ನು ವೋಡ್ಕಾದಲ್ಲಿ ಅದ್ದಿಟ್ಟರು. ಅಲ್ಲಿ ಜೀವ ಸಿಗಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಅಲ್ಲಿಂದ ಬಂದ, ಎರಡು ಮೀಟರಿನವರೆಗೂ ಬೆಳೆಯುವ ಕೆಂಪು ಗರಿಯ ನಳಿಕೆಹುಳುವಿಗೆ ಬಾಯಿ ಇಲ್ಲ, ಹೊಟ್ಟೆ ಇಲ್ಲ, ಕರುಳಿಲ್ಲ. ಅದು ತಿನ್ನುವುದೇನು? ಹಾರ್ವರ್ಡಿನಲ್ಲಿ ಓದುತ್ತಿದ್ದ ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ, ಆ ಹುಳುವಿನ ಒಡಲಲ್ಲಿ ಗಂಧಕದ ಹರಳುಗಳಿವೆ ಎಂದು ಉಪನ್ಯಾಸವೊಂದರಲ್ಲಿ ಕೇಳಿದೊಡನೆ ಉತ್ತರವನ್ನು ಊಹಿಸಿದರು, 1981ರಲ್ಲಿ ಸಾಕ್ಷ್ಯದೊಂದಿಗೆ ಪ್ರಕಟಿಸಿದರು. ಹುಳುವಿನ ಒಳಗೆ ಕೋಟ್ಯಂತರ ಬ್ಯಾಕ್ಟೀರಿಯಾ ಮನೆಮಾಡಿವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಳುವಿನ ಕೆಂಪು ರಕ್ತ ಹೊತ್ತು ತಂದುಕೊಡುತ್ತದೆ. ಗಿಡ ಬಿಸಿಲಿನಿಂದ ಮಾಡುವ ಅಡುಗೆಯನ್ನು ಆ ಬ್ಯಾಕ್ಟೀರಿಯಾ ಗಂಧಕದಿಂದ ಮಾಡಿ ಆತಿಥೇಯನಿಗೂ ಬಡಿಸುತ್ತವೆ. ಸೂರ್ಯನೇ ಎಲ್ಲ ಅನ್ನದ ಮೂಲ ಎಂದು ಶಾಲೆಯಲ್ಲಿ ಕಲಿಸುತ್ತಿದ್ದ ಪಾಠಕ್ಕೆ ತಿದ್ದುಪಡಿ ಬೇಕಾಯಿತು.

ನಮ್ಮದೇ ಹಿಂದೂ ಮಹಾಸಾಗರದ ಒಂದು ಜೀವಿಯನ್ನು ಹತ್ತಿರದಿಂದ ನೋಡೋಣ. ಮಾರಿಷಸ್‌ನ ಪೂರ್ವಕ್ಕೆ ಸಾಗರದ ನಡುವೆ ಕೈರೆಯಿ ಎಂಬ ಬುಗ್ಗೆತಾಣವಿದೆ, ಸುಮಾರು 2,400 ಮೀಟರ್ ಆಳ. 2001ರಲ್ಲಿ ಅಲ್ಲಿ ಒಂದು ಬಸವನಹುಳು ಸಿಕ್ಕಿತು, ದೊಡ್ಡ ಅಡಿಕೆಯಷ್ಟು ಗಾತ್ರ. ಅದರ ಕಾಲಿನ ಸುತ್ತ, ಹೆಂಚು ಹೊದೆಸಿದಂತೆ, ಒಂದರ ಮೇಲೊಂದು ಕಪ್ಪು ಹುರುಪೆಗಳು. ಪರೀಕ್ಷಿಸಿದರೆ ಅವುಗಳ ಮೇಲೆ ಕಬ್ಬಿಣದ ಸಲ್ಫೈಡ್ ಲೇಪ. ಚಿಪ್ಪಿನ ಹೊರಪದರವೂ ಅದೇ. ಮಧ್ಯೆ ಮೆತ್ತನೆಯ ಜೈವಿಕ ಪದರ, ಒಳಗೆ ಸುಣ್ಣದ ಪದರ. ಒಡಲಿನಲ್ಲಿ ಕಬ್ಬಿಣವನ್ನೇ ಕವಚ ಮಾಡಿಕೊಂಡ ಇಂಥ ಪ್ರಾಣಿ ಬೇರೊಂದು ಗೊತ್ತಿಲ್ಲ. ಇದಕ್ಕೂ ಊಟ ಒಡಲೊಳಗಿನ ಬ್ಯಾಕ್ಟೀರಿಯಾಗಳಿಂದಲೇ. ಇನ್ನೊಂದು ಬುಗ್ಗೆತಾಣದಲ್ಲಿ ಇದೇ ಪ್ರಭೇದದ ಬಸವನಹುಳುಗಳ ಮೈ ಬಿಳಿ, ಕಬ್ಬಿಣವಿಲ್ಲ; ಅಲ್ಲಿನ ನೀರಿನಲ್ಲಿ ಕಬ್ಬಿಣ ಕಡಿಮೆ. 2019ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪುಪಟ್ಟಿಗೆ ಸೇರಿಸಿದರು. ಆಳಸಮುದ್ರ ಗಣಿಗಾರಿಕೆಯ ಭೀತಿಯಿಂದಾಗಿ ಆ ಪಟ್ಟಿ ಸೇರಿದ ಮೊದಲ ಪ್ರಾಣಿ ಇದು. ಆಗ ತಿಳಿದಿದ್ದ ಅದರ ಮೂರು ನೆಲೆಗಳಲ್ಲಿ ಎರಡು, ಗಣಿ ಅನ್ವೇಷಣೆಗೆ ಕೊಟ್ಟ ಪ್ರದೇಶಗಳ ಒಳಗಿದ್ದವು. ಕಂಡು ಹದಿನೆಂಟು ವರ್ಷವಾಗುವುದರೊಳಗೆ ಅದನ್ನು ಕಳೆದುಕೊಳ್ಳುವ ಮಾತು ಬಂದಿತ್ತು.

ಇಷ್ಟೆಲ್ಲ ನೋಡಿದ ಮೇಲೂ ನಾವು ನೋಡಿದ್ದೆಷ್ಟು? 200 ಮೀಟರಿಗಿಂತ ಆಳದ ಸಮುದ್ರ ಭೂಮಿಯ ಮೇಲ್ಮೈಯ ಸುಮಾರು ಮೂರನೇ ಎರಡು ಭಾಗವನ್ನು ಮುಚ್ಚಿದೆ. 1958ರಿಂದ ಈಚಿನ ಸುಮಾರು 44,000 ಮುಳುಗುಯಾನಗಳನ್ನು ಲೆಕ್ಕ ಹಾಕಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನುಷ್ಯನ ಕಣ್ಣು ಅಥವಾ ಕ್ಯಾಮೆರಾ ಕಂಡ ಆಳಸಮುದ್ರದ ತಳ ಶೇಕಡಾ 0.001ಕ್ಕಿಂತ ಕಡಿಮೆ ಎಂದು ಹೇಳಿತು. ಚದರ ಕಿಲೋಮೀಟರಿನಲ್ಲಿ ಹೆಚ್ಚೆಂದರೆ 3,800ರ ಆಸುಪಾಸು. ನಮ್ಮ ಕೊಡಗು ಜಿಲ್ಲೆ ಇದಕ್ಕಿಂತ ದೊಡ್ಡದು. ಅದರಲ್ಲಿಯೂ ಮೂರನೇ ಎರಡರಷ್ಟು ಯಾನಗಳು ಅಮೆರಿಕ, ಜಪಾನ್, ನ್ಯೂಜಿಲೆಂಡ್ ದಡಗಳ ಸುತ್ತಮುತ್ತಲೇ ನಡೆದಿವೆ. ಕೊಡಗಿನಷ್ಟು ನೆಲ ನೋಡಿ, ಅದೂ ಬಹುಪಾಲು ಕೆಲವೇ ಮೂಲೆಗಳಲ್ಲಿ ನೋಡಿ, ಇಡೀ ಭೂಮಂಡಲದ ಕಾಡು-ಮೇಡಿನ ಬಗ್ಗೆ ಮಾತಾಡಿದರೆ ಯಾರಾದರೂ ಒಪ್ಪುತ್ತಾರೆಯೇ? ಶಬ್ದತರಂಗದಿಂದ ತಯಾರಿಸಿದ ನಕ್ಷೆಗಳು ಇದಕ್ಕಿಂತ ಬಹಳ ಮುಂದಿವೆ, 2025ರ ವೇಳೆಗೆ ಸಾಗರತಳದ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ಭಾಗದ ಏರುತಗ್ಗು ಅಳೆಯಲಾಗಿದೆ. ಆದರೆ ಏರುತಗ್ಗಿನ ನಕ್ಷೆಯಲ್ಲಿ ಬೆಟ್ಟ ಕಾಣುತ್ತದೆ, ಬಸವನಹುಳು ಕಾಣುವುದಿಲ್ಲ.

ಈ ಅಜ್ಞಾನದ ನಡುವೆ ಭಾರತಕ್ಕೆ ಒಂದು ಸ್ವಂತ ಪಾಲಿದೆ. 1981ರ ಜನವರಿ 26ರಂದು ಗವೇಷಣಿ ಎಂಬ ನಮ್ಮ ಸಂಶೋಧನಾ ಹಡಗು ಮೊದಲ ಬಾರಿಗೆ ಸಾಗರತಳದಿಂದ ಬಹುಲೋಹ ಗಡ್ಡೆಗಳನ್ನು ಎತ್ತಿತು. 1987ರಲ್ಲಿ ಭಾರತ ಈ ಕ್ಷೇತ್ರದ ಮೊದಲ ಹೂಡಿಕೆದಾರ ದೇಶವಾಗಿ ನೋಂದಣಿಯಾಯಿತು. ಇಂದು ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದಕ್ಕಿಂತ ಹೆಚ್ಚು ವಿಸ್ತಾರದ ತಳ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಒಪ್ಪಂದದಂತೆ ನಮ್ಮ ಅನ್ವೇಷಣೆಗೆ ಮೀಸಲು. ಅಲ್ಲಿ ಸುಮಾರು 38 ಕೋಟಿ ಟನ್ ಗಡ್ಡೆಗಳಿವೆಯೆಂದು ಸರ್ಕಾರದ ಅಂದಾಜು. ಗಡ್ಡೆಯೊಂದನ್ನು ಕೈಯಲ್ಲಿ ಹಿಡಿದರೆ ಆಲೂಗಡ್ಡೆಯ ಗಾತ್ರ, ಮಸಿಯ ಬಣ್ಣ, ಮೇಲ್ಭಾಗ ನಯ, ಕೆಸರಿನಲ್ಲಿ ಹುದುಗಿದ್ದ ಕೆಳಭಾಗ ಒರಟು. ಒಡೆದರೆ ಈರುಳ್ಳಿಯಂತೆ ಪದರಗಳು, ನಡುವೆ ಹಲವು ಸಲ ಶಾರ್ಕಿನ ಹಲ್ಲೋ ಚಿಪ್ಪಿನ ಚೂರೋ. ಆ ಹಲ್ಲಿನ ಸುತ್ತ ಮ್ಯಾಂಗನೀಸ್, ಕಬ್ಬಿಣ, ನಿಕ್ಕಲ್, ತಾಮ್ರ, ಕೋಬಾಲ್ಟ್ ಕಣಕಣವಾಗಿ ಕೂರುತ್ತ ಹೋಗಿವೆ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ನಾಲ್ಕು ಸಾವಿರ ಮೀಟರಿಗಿಂತ ಆಳದ ಆ ಮೆತ್ತನೆ ಕೆಸರಿನ ಬಯಲಿನಲ್ಲಿ ಗಟ್ಟಿ ನೆಲವೆಂದರೆ ಬಹುಪಾಲು ಈ ಗಡ್ಡೆಗಳೇ. ಸ್ಪಂಜು, ಹವಳ, ಕಡಲಹೂವುಗಳು ಬುಡ ಊರುವುದು ಅವುಗಳ ಮೇಲೆ. ಪೆರು ದೇಶದಾಚೆಯ ತಳದಲ್ಲಿ, ಗಡ್ಡೆಗೆ ಅಂಟಿಕೊಂಡು ಸತ್ತ ಸ್ಪಂಜಿನ ಕಾಂಡದ ಮೇಲೆ ಮೊಟ್ಟೆಯಿಟ್ಟು ಅವುಗಳನ್ನು ಮೈಯಿಂದ ಸುತ್ತಿ ಕಾಯುತ್ತಿದ್ದ ಆಕ್ಟೋಪಸ್ ತಾಯಂದಿರು ವಿಜ್ಞಾನಿಗಳಿಗೆ ಕಂಡಿದ್ದಾರೆ. ಗಡ್ಡೆ ಹೋದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಆ ತೊಟ್ಟಿಲೂ ಇಲ್ಲ.

ಆಳದ ಬಯಲಿನಲ್ಲಿ ಜೀವ ವಿರಳ, ಅಷ್ಟು ದೊಡ್ಡ ವಿಸ್ತಾರದಲ್ಲಿ ಒಂದು ತುಂಡು ಕೆದಕಿದರೆ ಏನಾದೀತು ಎಂಬುದು ಮೊದಲ ಆಕ್ಷೇಪ. ವಿರಳ ಎಂಬುದು ನಿಜ, ಒಪ್ಪುತ್ತೇನೆ. ಆದರೆ ವಿರಳವಾದದ್ದು ಏಕರೂಪವಾಗಿರುವುದಿಲ್ಲ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಗಡ್ಡೆಬಯಲಿನಲ್ಲಿ ಅದುವರೆಗೆ ದಾಖಲಾದ ಪ್ರಭೇದಗಳನ್ನು 2023ರಲ್ಲಿ ಎಣಿಸಿದಾಗ 5,500ಕ್ಕೂ ಹೆಚ್ಚು ಸಿಕ್ಕವು, ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ. ಕೆದಕಿದರೆ ಏನಾಗುತ್ತದೆ ಎಂಬುದಕ್ಕೂ ಪ್ರಯೋಗಗಳು ನಡೆದಿವೆ. 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರುವಿನಾಚೆ ಸುಮಾರು 4,100 ಮೀಟರ್ ಆಳದಲ್ಲಿ ನೇಗಿಲಿನಂಥ ಸಾಧನದಿಂದ ತಳವನ್ನು ಉತ್ತು ನೋಡಿದರು. 26 ವರ್ಷಗಳ ನಂತರ, 2015ರಲ್ಲಿ ಹೋದಾಗ ಉತ್ತ ಸಾಲುಗಳು ಹಾಗೆಯೇ ಇದ್ದವು. 1979ರಲ್ಲಿ ಗಡ್ಡೆ ಎತ್ತುವ ಯಂತ್ರ ಓಡಾಡಿದ್ದ ಇನ್ನೊಂದು ಜಾಗಕ್ಕೆ 44 ವರ್ಷಗಳ ಮೇಲೆ ಹೋದವರು ಕೆಲವು ಜೀವಿಗಳು ಮರಳುತ್ತಿರುವುದನ್ನು ಕಂಡರು. ಇದನ್ನು ಮುಚ್ಚಿಡಬೇಕಿಲ್ಲ, ಒಳ್ಳೆಯ ಸುದ್ದಿಯೇ. ಆದರೆ ಯಂತ್ರದ ಹಾದಿ ಅಲ್ಲಿಯೂ ಮಾಸಿರಲಿಲ್ಲ, ಗಡ್ಡೆಗೆ ಅಂಟಿ ಬದುಕುವ ಜೀವಿಗಳಿಗೆ ಗಡ್ಡೆ ಮರಳಿ ಹುಟ್ಟಿರಲಿಲ್ಲ. ಗಡ್ಡೆಗಳೇ ಕತ್ತಲಲ್ಲಿ ಆಮ್ಲಜನಕ ಹೊರಬಿಡುತ್ತವೆ ಎಂಬ 2024ರ ವರದಿಯ ಬಗ್ಗೆ ವಿಜ್ಞಾನಿಗಳಲ್ಲಿಯೇ ತೀವ್ರ ಭಿನ್ನಾಭಿಪ್ರಾಯವಿದೆ. ಅದನ್ನು ನನ್ನ ವಾದಕ್ಕೆ ಆಧಾರವಾಗಿ ಬಳಸಲಾರೆ. ಬಳಸದೆಯೂ ವಾದ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪೆಟ್ರೋಲು ಬಿಟ್ಟು ಬ್ಯಾಟರಿಗೆ ಹೋಗಬೇಕಾದರೆ ಲೋಹ ಬೇಕು, ಭಾರತ ನಿಕ್ಕಲ್, ಕೋಬಾಲ್ಟ್‌ಗೆ ಬಹುಪಾಲು ಹೊರದೇಶಗಳನ್ನೇ ನೆಚ್ಚಿದೆ, ನೆಲದ ಮೇಲಿನ ಗಣಿ ಕಾಡನ್ನೂ ಜನರನ್ನೂ ಒಕ್ಕಲೆಬ್ಬಿಸುತ್ತದೆ, ಕಡಲತಳದಲ್ಲಿ ಯಾರ ಮನೆಯೂ ಇಲ್ಲವಲ್ಲ ಎಂಬುದು. ನೆಲದ ಗಣಿಯ ನೋವು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಬಳ್ಳಾರಿಯನ್ನು ಕಂಡವರು ನಾವು. ಆದರೆ ಕುದುರೆಮುಖವನ್ನೂ ನೆನೆಯಬೇಕು. ಅಲ್ಲಿನ ಗಣಿ 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು. ನಿಲ್ಲಲು ಸಾಧ್ಯವಾದದ್ದು ಹೇಗೆ? ಭದ್ರೆಯ ನೀರು ಕೆಂಪಾದದ್ದನ್ನು ಜನ ಕಂಡರು, ಹೂಳನ್ನು ಅಳೆದರು, ಶೋಲಾ ಕಾಡಿನಲ್ಲಿ ಯಾವ ಮರ, ಯಾವ ಪ್ರಾಣಿ ಇದೆಯೆಂದು ಹೇಳಬಲ್ಲವರಿದ್ದರು. ಐದು ಸಾವಿರ ಮೀಟರ್ ಕೆಳಗೆ ಎದ್ದ ಹೂಳು ಯಾರ ಹೊಳೆಯನ್ನೂ ಕೆಂಪು ಮಾಡುವುದಿಲ್ಲ, ಯಾರೂ ಕೋರ್ಟಿಗೆ ಹೋಗುವುದಿಲ್ಲ. ಸಾಕ್ಷಿಯಿಲ್ಲದ ಜಾಗದಲ್ಲಿ ಹಾನಿ ಕಡಿಮೆಯಾಗುವುದಿಲ್ಲ, ದೂರು ಕಡಿಮೆಯಾಗುತ್ತದೆ ಅಷ್ಟೆ. ಇನ್ನು ಲೋಹದ ಅಗತ್ಯದ ಮಾತು: ಬ್ಯಾಟರಿಯ ರಸಾಯನವೇ ಬದಲಾಗುತ್ತಿದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಲಿಥಿಯಂ ಬ್ಯಾಟರಿಗಳು ಈಗಾಗಲೇ ರಸ್ತೆಯಲ್ಲಿವೆ, ಅವುಗಳಿಗೆ ನಿಕ್ಕಲ್ಲೂ ಬೇಡ, ಕೋಬಾಲ್ಟೂ ಬೇಡ. ಅಗತ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಹತ್ತು ವರ್ಷ ಕಾಯಲಾರದಷ್ಟು ತುರ್ತಿನದು ಎಂಬುದಕ್ಕೆ ಪುರಾವೆ ಕಾಣುತ್ತಿಲ್ಲ. ಮೂವತ್ತಕ್ಕೂ ಹೆಚ್ಚು ದೇಶಗಳು ತಡೆ ಅಥವಾ ವಿರಾಮ ಕೇಳಿವೆ.

ಮೂರನೆಯ ಆಕ್ಷೇಪ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗಣಿಯ ಆಸೆ ಇಲ್ಲದಿದ್ದರೆ ಈ ವಿಜ್ಞಾನಕ್ಕೆ ಹಣ ಎಲ್ಲಿಂದ ಬರುತ್ತಿತ್ತು? ಗಡ್ಡೆಬಯಲಿನ ಆ 5,500 ಪ್ರಭೇದಗಳ ಲೆಕ್ಕ ಸಿಕ್ಕಿದ್ದರಲ್ಲಿ ದೊಡ್ಡ ಪಾಲು, ಅನ್ವೇಷಣೆಯ ಒಪ್ಪಂದ ಪಡೆದವರು ಮಾಡಲೇಬೇಕಾದ ಸಮೀಕ್ಷೆಗಳದು. ಭಾರತದ ಆಳಸಾಗರ ಯೋಜನೆಗೆ 2021ರಲ್ಲಿ 4,077 ಕೋಟಿ ರೂಪಾಯಿ ಮಂಜೂರಾದದ್ದರ ಹಿಂದೆಯೂ ಲೋಹದ ಲೆಕ್ಕಾಚಾರವಿದೆ. ಇದು ಸತ್ಯ, ಇದನ್ನು ಒಪ್ಪದೆ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಆದರೆ ಈ ಸತ್ಯದಿಂದ ಹೊರಡುವ ತೀರ್ಮಾನ ಬೇರೆ. ಆಸೆಯ ಹಣದಿಂದ ಕಟ್ಟಿದ ಹಡಗು, ಯಂತ್ರ, ಮುಳುಗುನೌಕೆಗಳು ನಮ್ಮ ಕೈಯಲ್ಲಿ ಈಗಾಗಲೇ ಇವೆ ಅಥವಾ ಇನ್ನೇನು ಬರಲಿವೆ. ಅವುಗಳಿಂದ ಮೊದಲು ಯಾವ ಕೆಲಸ ಮಾಡಿಸುತ್ತೇವೆ ಎಂಬುದು ನಾವು ಆರಿಸಿಕೊಳ್ಳಬೇಕಾದದ್ದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎರಡು ಸಾಧನಗಳನ್ನು ರೂಪಿಸುತ್ತಿದೆ. ಒಂದರ ಹೆಸರು ವರಾಹ, ಗಡ್ಡೆ ಎತ್ತುವ ಯಂತ್ರ. 2021ರಲ್ಲಿ 5,270 ಮೀಟರ್ ಆಳದ ತಳದ ಮೇಲೆ ಅದು ಓಡಾಡಿ ಬಂದಿದೆ. ಇನ್ನೊಂದು ಮತ್ಸ್ಯ, ಮೂವರನ್ನು 6,000 ಮೀಟರಿಗೆ ಒಯ್ಯಬೇಕಾದ ನೌಕೆ. ಸುಮಾರು 600 ವಾತಾವರಣದ ಒತ್ತಡ ತಡೆಯಲು ಅದರ ಟೈಟೇನಿಯಂ ಗೋಳದ ಗೋಡೆ 80 ಮಿಲಿಮೀಟರ್ ದಪ್ಪ, ಗೋಳದ ವ್ಯಾಸ 2.1 ಮೀಟರ್. ದಶಾವತಾರದಲ್ಲಿ ಮತ್ಸ್ಯ ಮೊದಲು, ವರಾಹ ಆಮೇಲೆ.

ಆ ಅನುಕ್ರಮ ಪಾಲಿಸಿದರೆ ಕೆಲಸ ಹೀಗಿರುತ್ತದೆ. ನಮ್ಮ 75,000 ಚದರ ಕಿಲೋಮೀಟರಿನಲ್ಲಿ ಮತ್ಸ್ಯ ಇಳಿದು, ತೀರ ಕಿರಿದಾದ ಗೋಳದೊಳಗೆ ಕೂತ ಮೂವರು ದೀಪದ ಬೆಳಕು ಬೀಳುವಷ್ಟು ತಳವನ್ನು ಮಾರು ಮಾರಾಗಿ ನೋಡುತ್ತ ಹೋಗಬೇಕು. ಕತ್ತರಿಸಿ ತಂದ ಕೆಸರನ್ನು ಹಡಗಿನ ಮೇಲೆ ತಣ್ಣೀರಿನಲ್ಲಿ ತೊಳೆದು, ಕೂದಲೆಳೆಯಷ್ಟು ಸಣ್ಣ ಕಣ್ಣಿನ ಜರಡಿಗಳಲ್ಲಿ ಹಿಡಿದು, ಉಳಿದ ಹುಳುಗಳನ್ನು ಒಂದೊಂದಾಗಿ ಚಿಮಟದಿಂದ ಎತ್ತಿ ಶೀಸೆಗೆ ಹಾಕಬೇಕು. ಆ ಶೀಸೆಗಳ ಮುಂದೆ ಸೂಕ್ಷ್ಮದರ್ಶಕ ಹಿಡಿದು ವರ್ಷಗಟ್ಟಲೆ ಕೂರಬಲ್ಲ, ಒಂದು ಹುಳುವಿನ ಕಾಲಿನ ರೋಮ ಎಣಿಸಿ ಇದು ಹೊಸದು ಎಂದು ಹೇಳಬಲ್ಲ ವರ್ಗೀಕರಣ ತಜ್ಞರಿಗೆ ಗೋವಾದಲ್ಲೂ ಕೊಚ್ಚಿಯಲ್ಲೂ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಹುದ್ದೆಗಳು ಬೇಕು. ಚಾಲೆಂಜರ್ ತಂದದ್ದನ್ನು ಓದಿ ಮುಗಿಸಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಇಂದಿನ ಡಿಎನ್‌ಎ ಪರೀಕ್ಷೆಯಿಂದ ಅದು ಅರ್ಧಕ್ಕೆ ಇಳಿದರೂ ದಶಕದ ಕೆಲಸ. ಹತ್ತಾರು ಲಕ್ಷ ವರ್ಷ ಕಾದು ಗಡ್ಡೆಯಾದ ಆ ಶಾರ್ಕಿನ ಹಲ್ಲು ಇನ್ನೊಂದು ದಶಕ ಅಲ್ಲಿಯೇ ಇರಬಲ್ಲದು.